ಅಕ್ಕನಿಗೊಂದು ಪ್ರಶ್ನೆ: ‘ಕಾಯಿಲೆ ಇದೆ ಅಂದರೆ ಅವಿಶ್ವಾಸವಾ?’

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಾತಿನ ಬಗ್ಗೆಯೇ ಇವೆ. ಮನೆಯ ಮಾತು, ಸಭೆಯ ಮಾತು, ಪ್ರಾರ್ಥನೆಯಲ್ಲಿ ಆಡಿದ ಮಾತು. ಅವುಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದು ಕಾಯುವಂಥ ವಿಷಯವಲ್ಲ.

ಪ್ರಶ್ನೆ: ಅಕ್ಕಾ, ನಮ್ಮ ಅಮ್ಮನಿಗೆ 63 ವರ್ಷ. ತುಂಬ ವರ್ಷದಿಂದ ಶುಗರ್ ಇದೆ. ಈಚೆಗೆ ಮನೆ ಹತ್ತಿರದ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದಾರೆ. ಅಲ್ಲಿ, ‘ಜೀವನ ಮರಣಗಳು ನಾಲಿಗೆಯ ವಶ. ನನಗೆ ಶುಗರ್ ಇದೆ ಅಂತ ಬಾಯಲ್ಲಿ ಹೇಳಿದರೆ ನೀವೇ ಅದನ್ನು ಕರೆದು ಕೂರಿಸಿಕೊಂಡ ಹಾಗೆ. ಗುಣವಾಗಿದೆ ಅಂತ ಅರಿಕೆ ಮಾಡಿ’ ಎಂದು ಹೇಳಿಕೊಟ್ಟಿದ್ದಾರೆ. ಹೋದ ತಿಂಗಳಿಂದ ಅಮ್ಮ ಮಾತ್ರೆ ಬಿಟ್ಟಿದ್ದಾರೆ. ನಾನು ಕೇಳಿದರೆ, ‘ನಿನ್ನ ಅವಿಶ್ವಾಸದ ಮಾತೇ ನನ್ನ ಬಿಡುಗಡೆಗೆ ಅಡ್ಡಿ’ ಎನ್ನುತ್ತಾರೆ. ಏನು ಮಾಡಲಿ? — ಹೆಸರು ಬೇಡ, ಹಾಸನ

ಉತ್ತರ: ತಂಗೀ, ಮೊದಲು ಮಾತ್ರೆಯ ವಿಷಯ, ಆಮೇಲೆ ವಚನದ ವಿಷಯ.

ಈ ವಾರವೇ ಅಮ್ಮನ ರಕ್ತ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯದು, ಊಟದ ನಂತರದ್ದು, ಜೊತೆಗೆ ಎಚ್‌ಬಿಎ1ಸಿ. ಈ ಕೊನೆಯದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ. ಬಿಟ್ಟ ಮಾತ್ರೆಗಳನ್ನು ಲೆಕ್ಕ ಹಾಕಿ ಒಟ್ಟಿಗೆ ನುಂಗಿಸಬೇಡಿ. ಡಾಕ್ಟರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿ, ಅವರು ಹೇಳಿದ ಪ್ರಮಾಣದಲ್ಲೇ ಮತ್ತೆ ಶುರು ಮಾಡಿ. ಅಮ್ಮ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಈ ಪತ್ರಿಕೆ ಮಡಿಸಿಟ್ಟು ಈಗಲೇ ಡಾಕ್ಟರಿಗೆ ಫೋನ್ ಮಾಡಿ. ವಾಂತಿ, ಏದುಸಿರು, ಬಾಯಲ್ಲಿ ಹಣ್ಣಿನಂಥ ವಾಸನೆ, ಮಂಕು ಕಂಡರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಾಳೆ ನೋಡೋಣ ಎನ್ನಬೇಡಿ.

ನಾನು ನರ್ಸ್ ಆಗಿದ್ದವಳು ಎಂದು ಈ ಅಂಕಣ ಓದುವವರಿಗೆ ಗೊತ್ತು. ಶುಗರ್ ಎಷ್ಟು ಸದ್ದಿಲ್ಲದ ಕಾಯಿಲೆ ಅಂದರೆ, ಮಾತ್ರೆ ಬಿಟ್ಟ ಮೇಲೂ ಕೆಲವು ವಾರ ಏನೂ ಆಗಿಲ್ಲ ಅನಿಸುತ್ತದೆ. ಆ ಸುಮ್ಮನಿರುವ ದಿನಗಳನ್ನೇ ಜನ ‘ಗುಣವಾಯಿತು’ ಎಂದು ಸಾಕ್ಷಿ ಹೇಳುತ್ತಾರೆ. ನಮ್ಮ ವಾರ್ಡಿಗೆ ಒಬ್ಬ ತಾಯಿ ಬಂದಿದ್ದರು. ಎಡಗಾಲಿನ ಪಾದದಲ್ಲಿ ಗಾಯ. ಡ್ರೆಸ್ಸಿಂಗ್ ಮಾಡಲು ಕೂತಾಗ ನೋಡಿದರೆ ಚಪ್ಪಲಿಯ ಮೊಳೆ ಮೇಲೆದ್ದು ಪಾದದೊಳಗೆ ಹೋಗಿ ಹೋಗಿ ತೂತು ಬಿದ್ದಿತ್ತು. ಎಷ್ಟು ದಿನದಿಂದ ಎಂದರೆ ಆಕೆಗೇ ಗೊತ್ತಿಲ್ಲ. ನರಗಳು ಸತ್ತಿದ್ದವು, ನೋವೇ ಇರಲಿಲ್ಲ. ಕಾಲುಂಗುರ ತೆಗೆಯಲು ಬಾರದಷ್ಟು ಬೆರಳು ಊದಿ ಕಪ್ಪಾಗಿತ್ತು. ‘ನನಗೆ ಏನೂ ಇಲ್ಲ ಸಿಸ್ಟರ್, ಚೆನ್ನಾಗಿದ್ದೀನಿ’ ಎಂದೇ ಹೇಳುತ್ತಿದ್ದರು. ಆ ಮಾತು ಬೆರಳನ್ನು ಉಳಿಸಲಿಲ್ಲ.

ಈಗ ವಚನ. ‘ಜೀವನ ಮರಣಗಳು ನಾಲಿಗೆಯ ವಶ’ ಅನ್ನುವುದು ಬೈಬಲಿನ ಜ್ಞಾನೋಕ್ತಿ 18:21. ಅಮ್ಮನಿಗೆ ಆ ಒಂದು ವಾಕ್ಯ ಮಾತ್ರ ಕೊಟ್ಟಿದ್ದಾರೆ. ನೀವಿಬ್ಬರೂ ಕೂತು ಇಡೀ ಅಧ್ಯಾಯ ಓದಿ, ಐದು ನಿಮಿಷದ ಕೆಲಸ. ಮೂಢನ ಮಾತು ಜಗಳ ತರುತ್ತದೆ ಅಂತ ಇದೆ. ಚಾಡಿಮಾತು ರುಚಿಯಾದ ತುತ್ತಿನ ಹಾಗೆ ಹೊಟ್ಟೆಗಿಳಿಯುತ್ತದೆ ಅಂತ ಇದೆ. ಪೂರ್ತಿ ಕೇಳದೆ ಉತ್ತರ ಕೊಡುವವನು ಅವಮಾನ ಪಡುತ್ತಾನೆ ಅಂತ ಇದೆ. ಮೊದಲು ವಾದಿಸಿದವನೇ ಸರಿ ಅನಿಸುತ್ತದೆ, ಎದುರಾಳಿ ಬಂದು ಪ್ರಶ್ನೆ ಕೇಳುವ ತನಕ ಅಂತ ಇದೆ. ಕಾಯಿಲೆಯನ್ನು ಬಾಯಲ್ಲಿ ಹೇಳಬಾರದು ಅಂತ ಅಲ್ಲಿ ಎಲ್ಲಿದೆ? ಮಾತಿನ ಬಗ್ಗೆ ಇರುವುದು ಜಗಳ, ಚಾಡಿ, ನ್ಯಾಯಪಂಚಾಯಿತಿ. ಒಬ್ಬರ ನಾಲಿಗೆ ಇನ್ನೊಬ್ಬರಿಗೆ ಏನು ಮಾಡುತ್ತದೆ ಅನ್ನುವ ಮಾತು ಅದು.

ಹಾಗಾದರೆ ನಾಲಿಗೆಯಿಂದ ಸಾವು ಬರುವುದು ನಿಜವಾ? ನಿಜ. ನಾಬೋತನನ್ನು ನೆನಪಿಸಿಕೊಳ್ಳಿ. ಇಜ್ರೇಲಿನಲ್ಲಿ ಅವನ ದ್ರಾಕ್ಷಿತೋಟ ಅರಸನಿಗೆ ಬೇಕಾಗಿತ್ತು. ರಾಣಿ ಈಜೆಬೆಲಳು ಇಬ್ಬರು ಸುಳ್ಳುಸಾಕ್ಷಿಗಳನ್ನು ಅವನೆದುರು ಕೂರಿಸಿದಳು. ‘ಇವನು ದೇವರನ್ನೂ ಅರಸನನ್ನೂ ಶಪಿಸಿದ’ ಎಂದು ಅವರು ಹೇಳಿದರು, ಅಷ್ಟೇ. ಊರಿನವರು ಅವನನ್ನು ಹೊರಗೆ ಎಳೆದುಕೊಂಡು ಹೋಗಿ ಕಲ್ಲೆಸೆದು ಕೊಂದರು. ಎರಡು ನಾಲಿಗೆ, ಒಂದು ಹೆಣ. ಈ ವಚನ ಹೆದರಿಸುತ್ತಿರುವುದು ಅಂಥ ನಾಲಿಗೆಯನ್ನು. ‘ಡಾಕ್ಟ್ರೇ, ನನಗೆ ಶುಗರ್ ಇದೆ’ ಎಂದು ನಿಜ ಹೇಳುವ ನಿಮ್ಮ ಅಮ್ಮನ ನಾಲಿಗೆಯನ್ನಲ್ಲ.

ಅಪೊಸ್ತಲ ಪೌಲನಿಗಿಂತ ದೊಡ್ಡ ವಿಶ್ವಾಸಿ ಆ ಕೂಟದಲ್ಲಿ ಯಾರೂ ಇರಲಾರರು. ಅವನು ತನ್ನ ಜೊತೆಗಾರ ತಿಮೊಥೆಯನಿಗೆ, ನಿನ್ನ ಹೊಟ್ಟೆಯ ತೊಂದರೆಗೆ, ಆಗಾಗ ಬರುವ ಬಲಹೀನತೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ. ಇನ್ನೊಬ್ಬ ಜೊತೆಗಾರ ಎಪಫ್ರೊದೀತ ಸಾಯುವ ಹಾಗಿದ್ದ ಎಂದು ಫಿಲಿಪ್ಪಿಯವರಿಗೆ ಬರೆದ. ತ್ರೊಫಿಮನನ್ನು ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟು ಬಂದೆ ಎಂದು ಬರೆದ. ಕಾಯಿಲೆಯನ್ನು ಕಾಯಿಲೆ ಎಂದೇ ಕರೆದ. ಗೆತ್ಸೇಮನೆಯಲ್ಲಿ ನಮ್ಮ ಸ್ವಾಮಿಯೇ, ನನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆ ಎಂದು ಬಾಯಿಬಿಟ್ಟು ಹೇಳಿದರು. ಅದನ್ನು ಅವಿಶ್ವಾಸದ ಮಾತು ಎನ್ನುವ ಧೈರ್ಯ ಯಾರಿಗಿದೆ?

ಇನ್ನೂ ಒಂದು. ಹಿಜ್ಕೀಯ ಅರಸನ ಕಥೆಯನ್ನು ಅಮ್ಮನಿಗೆ ಓದಿ ಹೇಳಿ, 2 ಅರಸು 20ನೇ ಅಧ್ಯಾಯ. ಸಾಯುವಂಥ ಕಾಯಿಲೆ ಬಿದ್ದಾಗ ಅವನು ಗೋಡೆಯ ಕಡೆ ಮುಖ ಮಾಡಿ ಅತ್ತು ಪ್ರಾರ್ಥಿಸಿದ. ನಿನ್ನನ್ನು ಗುಣಪಡಿಸುತ್ತೇನೆ, ನಿನ್ನ ಆಯುಸ್ಸಿಗೆ 15 ವರ್ಷ ಸೇರಿಸುತ್ತೇನೆ ಎಂದು ದೇವರೇ ಮಾತು ಕೊಟ್ಟರು. ಅಷ್ಟಾದ ಮೇಲೂ ಪ್ರವಾದಿ ಯೆಶಾಯ ಏನು ಹೇಳಿದ? ಅಂಜೂರದ ಹಣ್ಣಿನ ಉಂಡೆ ತಂದು ಹುಣ್ಣಿಗೆ ಕಟ್ಟಿ ಎಂದ. ದೇವರ ಮಾತು ಬಂದಾಗಿತ್ತು, ಔಷಧಿಯೂ ಬಂತು.

ಅಮ್ಮನ ಜೊತೆ ಹೇಗೆ ಮಾತಾಡಬೇಕು ಅನ್ನುವುದೇ ನಿಜವಾದ ಕಷ್ಟ. ವಾದ ಮಾಡಬೇಡಿ. ‘ಯಾರೋ ಹೇಳಿದ್ದು ಕೇಳಿ ಮಾತ್ರೆ ಬಿಟ್ಟಿದ್ದೀರಲ್ಲ, ಬುದ್ಧಿ ಇಲ್ವಾ’ ಅಂದರೆ ಅವರು ಇನ್ನೂ ಗಟ್ಟಿಯಾಗಿ ಆ ಕೂಟವನ್ನು ಹಿಡಿದುಕೊಳ್ಳುತ್ತಾರೆ. ಕೂಟದಲ್ಲಿ ಅವರಿಗೆ ಏನು ಸಿಗುತ್ತಿದೆ ಎಂದು ಮೊದಲು ಕೇಳಿ. ಬಹುಶಃ ಹೆಸರು ಹಿಡಿದು ಕರೆಯುವವರು, ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುವವರು ಅಲ್ಲಿದ್ದಾರೆ. ಆ ಪ್ರೀತಿ ಸುಳ್ಳಲ್ಲ. ಬೆಳಗ್ಗೆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನೀವೇ ಅವರ ಜೊತೆ ಪ್ರಾರ್ಥನೆ ಮಾಡಿ: ‘ಸ್ವಾಮಿ, ಇದನ್ನು ಕೊಟ್ಟಿದ್ದೀರಿ, ಸ್ತೋತ್ರ. ಇದರ ಮೂಲಕ ಅಮ್ಮನನ್ನು ಕಾಪಾಡಿ.’ ನಮ್ಮ ವಾರ್ಡಿನಲ್ಲಿ ಸಂಜೆ ಪ್ರಾರ್ಥನೆ ಮುಗಿದ ಮೇಲೆಯೇ ಮಾತ್ರೆಯ ಟ್ರಾಲಿ ಹೊರಡುತ್ತಿತ್ತು. ಪ್ರಾರ್ಥನೆಯ ಗುಂಗಿನಲ್ಲಿದ್ದವರು ಯಾರೂ ಬೇಡ ಅಂದದ್ದನ್ನು ನಾನು ಕಾಣೆ.

ಆ ಕೂಟ ನಡೆಸುವವರು ಈ ಅಂಕಣ ಓದಿದರೆ ಅವರಿಗೂ ಒಂದು ಮಾತು. ಯಾಕೋಬನು, ನಿಮ್ಮಲ್ಲಿ ಅನೇಕರು ಬೋಧಕರಾಗಬೇಡಿರಿ, ಬೋಧಕರಿಗೆ ಹೆಚ್ಚಿನ ತೀರ್ಪು ಎಂದು ಹೇಳಿದ್ದು ನಾಲಿಗೆಯ ಬಗ್ಗೆ ಅವನು ಬರೆದ ಅಧ್ಯಾಯ (ಯಾಕೋಬ 3) ಶುರುವಾಗುವ ಜಾಗದಲ್ಲೇ. ಗುಣವಾಗಲಿ ಎಂದು ಪ್ರಾರ್ಥಿಸಿ, ನಾನೂ ಆಮೆನ್ ಹೇಳುತ್ತೇನೆ. ಮಾತ್ರೆ ಬಿಡಿ ಎಂದು ದಯವಿಟ್ಟು ಹೇಳಬೇಡಿ.

ಪ್ರಶ್ನೆ: ನನ್ನ ಮಗಳ ನಿಶ್ಚಿತಾರ್ಥ ಮುರಿದುಹೋಯಿತು. ಸಂಕಟ ತಾಳಲಾರದೆ ಸ್ತ್ರೀಸಂಘದ ಒಬ್ಬ ಗೆಳತಿಗೆ ಹೇಳಿಕೊಂಡೆ. ಮುಂದಿನ ಕೂಟದಲ್ಲಿ ಆಕೆ ಎಲ್ಲರ ಎದುರು ಕಣ್ಣು ಮುಚ್ಚಿ, ‘ಸ್ವಾಮಿ, ಗಂಡಿನ ಕಡೆಯವರು ಬೇಡ ಅಂದ ಈ ಮಗಳನ್ನು ನೆನಸು’ ಎಂದು ಪ್ರಾರ್ಥಿಸಿದರು. ಸಂಜೆಯೊಳಗೆ ವಾಟ್ಸಾಪ್ ಗುಂಪಿನಲ್ಲೂ ‘ಪ್ರಾರ್ಥನಾ ವಿಷಯ’ ಅಂತ ಬಂತು. ಮಗಳು ಚರ್ಚಿಗೆ ಬರುವುದಿಲ್ಲ ಎನ್ನುತ್ತಾಳೆ. ನಾನು ಕ್ಷಮಿಸಿ ಸುಮ್ನೆ ಇರಬೇಕಾ? — ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಸುಮ್ಮನಿರಬೇಡಿ. ಕ್ಷಮಿಸುವುದು ಬೇರೆ, ಸುಮ್ಮನಿರುವುದು ಬೇರೆ.

ನಿಮ್ಮ ಪತ್ರ ಓದಿ ನನಗೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ನಮ್ಮ ಸಭೆಗಳಲ್ಲಿ ಚಾಡಿ ಈಗ ಮೊಣಕಾಲೂರಿ ಕೂತುಕೊಳ್ಳುವುದನ್ನು ಕಲಿತಿದೆ. ‘ಸುಮ್ನೆ ಹೇಳ್ತಿಲ್ಲ, ಪ್ರಾರ್ಥನೆ ಮಾಡಲಿ ಅಂತ ಹೇಳ್ತಿದ್ದೀನಿ’ ಅಂದುಬಿಟ್ಟರೆ ಯಾರ ಮನೆಯ ಬಾಗಿಲನ್ನು ಬೇಕಾದರೂ ತೆರೆಯಬಹುದು ಅನ್ನುವ ಹಾಗಾಗಿದೆ. ನೀವು ಕೇಳುವ ಮುಂಚೆಯೇ ನಿಮಗೆ ಏನು ಬೇಕೆಂದು ನಿಮ್ಮ ತಂದೆಗೆ ಗೊತ್ತು ಎಂದು ಸ್ವಾಮಿ ಹೇಳಿದ್ದಾರೆ. ದೇವರಿಗೆ ವಿವರ ಬೇಕಾಗಿರಲಿಲ್ಲ. ಆ ವಿವರ ತಲುಪಿದ್ದು ಅಕ್ಕಪಕ್ಕ ಕೂತಿದ್ದ ಹೆಂಗಸರಿಗೆ.

ಈಗ ದಾರಿ. ಮತ್ತಾಯ 18:15ರಲ್ಲಿ ಸ್ವಾಮಿ ಹೇಳಿದ ಮೊದಲ ಹೆಜ್ಜೆ ತುಂಬ ಸರಳ. ನೀನೂ ಅವನೂ ಇಬ್ಬರೇ ಇರುವಾಗ ಹೋಗಿ ಹೇಳು. ಇಬ್ಬರೇ. ಫೋನಿನಲ್ಲಿ ಬೇಡ, ವಾಟ್ಸಾಪಿನಲ್ಲಂತೂ ಬೇಡವೇ ಬೇಡ. ಬರೆದ ಮಾತಿಗೆ ಧ್ವನಿ ಇರುವುದಿಲ್ಲ, ಓದುವವರು ತಮ್ಮ ಸಿಟ್ಟನ್ನೇ ಅದಕ್ಕೆ ಹಾಕಿ ಓದಿಕೊಳ್ಳುತ್ತಾರೆ. ಆಕೆಯ ಮನೆಗೆ ಹೋಗಿ. ಚಹಾ ಕೊಟ್ಟರೆ ಕುಡಿಯಿರಿ. ಆಮೇಲೆ ಹೀಗೆ ಹೇಳಬಹುದು: ‘ನಿಮ್ಮನ್ನು ನಂಬಿ ಹೇಳಿಕೊಂಡೆ. ನೀವು ಅದನ್ನು ಎಲ್ಲರ ಎದುರು ಹೇಳಿದಿರಿ. ನನ್ನ ಮಗಳು ಈಗ ಯಾರ ಮುಖವನ್ನೂ ನೋಡುತ್ತಿಲ್ಲ. ಗುಂಪಿನಿಂದ ಅದನ್ನು ತೆಗೆಯಿರಿ. ಇನ್ನು ಮೇಲೆ ಕೇಳದೆ ಯಾರ ಮನೆಯ ಸುದ್ದಿಯನ್ನೂ ಹಾಕಬೇಡಿ.’ ಇಷ್ಟು ಸಾಕು. ಹಳೆಯ ಲೆಕ್ಕ ತೆಗೆಯಬೇಡಿ. ಅವರು ‘ಒಳ್ಳೆಯದಕ್ಕೇ ಮಾಡಿದೆ’ ಎಂದು ಅಳಬಹುದು. ಅತ್ತರೆ ಸಮಾಧಾನ ಮಾಡಿ, ಆದರೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಬೇಡಿ.

ಮಗಳನ್ನು ಚರ್ಚಿಗೆ ಬಾ ಎಂದು ಒತ್ತಾಯಿಸುವುದು ಸದ್ಯಕ್ಕೆ ಬೇಡ. ಇದು ಅವಳ ಬದುಕಿನ ಸುದ್ದಿ, ಯಾರಿಗೆ ಎಷ್ಟು ಹೇಳಬೇಕು ಅನ್ನುವುದು ಅವಳ ಕೈಯಲ್ಲಿರಲಿ. ‘ಇನ್ನು ನಿನ್ನನ್ನು ಕೇಳದೆ ಯಾರಿಗೂ ಹೇಳುವುದಿಲ್ಲ’ ಎಂದು ನೀವೂ ಅವಳಿಗೆ ಮಾತು ಕೊಡಿ.

ಸ್ತ್ರೀಸಂಘ ನಡೆಸುವವರೇ, ಹೆಸರು ಎತ್ತುವ ಮುಂಚೆ ‘ನಿಮ್ಮ ಹೆಸರು ಹೇಳಿ ಪ್ರಾರ್ಥಿಸಬಹುದಾ?’ ಎಂದು ಕೇಳುವುದಕ್ಕೆ ಒಂದು ನಿಮಿಷ ಸಾಕು. ಕಟ್ಟಿಗೆ ಇಲ್ಲದಿದ್ದರೆ ಬೆಂಕಿ ಆರುತ್ತದೆ, ಚಾಡಿಕೋರ ಇಲ್ಲದಿದ್ದರೆ ಜಗಳ ಆರುತ್ತದೆ ಎಂದು ಜ್ಞಾನೋಕ್ತಿ 26ರಲ್ಲಿದೆ. ಗುಂಪಿನಲ್ಲಿ ಅಂಥ ಸುದ್ದಿ ಬಂದರೆ ಕೈಮುಗಿದ ಚಿತ್ರ ಹಾಕಿ ಮುಂದಕ್ಕೆ ಕಳಿಸುವವರೂ ಕಟ್ಟಿಗೆ ಹಾಕುತ್ತಿದ್ದಾರೆ.

ಪ್ರಶ್ನೆ: ಸಾವಿನ ಮನೆಯಲ್ಲಿ ಏನು ಹೇಳಬೇಕು? ನನಗೆ ಬಾಯಿ ಬರುವುದಿಲ್ಲ. — ಚಿಕ್ಕಮಗಳೂರು

ಉತ್ತರ: ಬಾಯಿ ಬರದಿದ್ದರೆ ಒಳ್ಳೆಯದೇ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲವೂ ಕೆಟ್ಟಿತು. ಕೊನೆಗೆ ದೇವರೇ ಅವರ ಮೇಲೆ ಸಿಟ್ಟಾದರು.

ಲಾಜರನ ಮನೆಯಲ್ಲಿ ನಡೆದದ್ದನ್ನೂ ಗಮನಿಸಿ. ಮಾರ್ಥಳು, ಸ್ವಾಮೀ ನೀವು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂದಳು. ಮರಿಯಳೂ ಬಂದು ಅದೇ ಮಾತು ಹೇಳಿದಳು. ಒಂದೇ ಮಾತು, ಆದರೆ ಯೇಸು ಇಬ್ಬರಿಗೂ ಒಂದೇ ಉತ್ತರ ಕೊಡಲಿಲ್ಲ. ಮಾರ್ಥಳ ಜೊತೆ ಪುನರುತ್ಥಾನದ ಬಗ್ಗೆ ಮಾತಾಡಿದರು. ಮರಿಯಳು ಅಳುವುದನ್ನು ನೋಡಿ, ‘ಅವನನ್ನು ಎಲ್ಲಿ ಇಟ್ಟಿದ್ದೀರಿ?’ ಎಂದಷ್ಟೇ ಕೇಳಿದರು, ಕಣ್ಣೀರಿಟ್ಟರು. ಎದುರಿಗಿರುವವರು ಯಾರು ಎಂದು ನೋಡಿ ಮಾತಾಡಿದರು.

ಮಗು ಕಳೆದುಕೊಂಡವರಿಗೆ ‘ದೇವರ ಚಿತ್ತ’, ‘ದೇವರಿಗೆ ಒಂದು ಹೂವು ಬೇಕಾಗಿತ್ತು’ ಎಂದು ಮಾತ್ರ ಹೇಳಬೇಡಿ. ಹೇಳಿದವರಿಗೆ ಸಮಾಧಾನ ಆಗುತ್ತದೆ, ಕೇಳಿದವರಿಗೆ ಆಗುವುದಿಲ್ಲ. ತೀರಿಹೋದವರ ಹೆಸರು ಹಿಡಿದು ಒಂದು ನೆನಪು ಹೇಳಿ. ಅಡುಗೆಮನೆಯಲ್ಲಿ ಪಾತ್ರೆ ತೊಳೆದುಕೊಡಿ. ಹದಿನೈದು ದಿನ ಬಿಟ್ಟು ಮತ್ತೆ ಹೋಗಿ, ಅಷ್ಟು ಹೊತ್ತಿಗೆ ಬರುವವರು ಯಾರೂ ಇರುವುದಿಲ್ಲ.

ಸಾವು ಹತ್ತಿರವಿರುವ ಕೋಣೆಯಲ್ಲಿ ಇನ್ನೂ ಎಚ್ಚರ ಬೇಕು. ಪ್ರಜ್ಞೆ ಇಲ್ಲದವರ ಮಂಚದ ಹತ್ತಿರ, ಎಚ್ಚರವಿದ್ದಾಗ ಅವರಿಗೆ ಹೇಳಲಾರದ ಮಾತನ್ನು ಆಡಬಾರದು ಎಂದು ನರ್ಸಿಂಗ್ ಓದುವಾಗಲೇ ಕಲಿಸುತ್ತಾರೆ. ಕಿವಿ ಕೇಳುತ್ತಿರಬಹುದು. ಆಸ್ತಿ, ಶವಪೆಟ್ಟಿಗೆ, ಬಿಲ್ಲು ಎಲ್ಲ ಹೊರಗಿನ ಬೆಂಚಿನ ಮೇಲೆ ಮಾತಾಡಿ. ಒಳಗೆ ಹೋದರೆ ಹೆಸರು ಕರೆದು, ಕೈ ಹಿಡಿದು, ಅವರಿಗೆ ಇಷ್ಟವಾದ ಕೀರ್ತನೆ ಓದಿ.

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಫೇಲಾಗಿದ್ದಾನೆ. ಸಿಟ್ಟಿನಲ್ಲಿ ಬಾಯಿಗೆ ಬಂದ ಹಾಗೆ ಬೈದೆ. ಹೆಂಡತಿ ತಪ್ಪು ಎನ್ನುತ್ತಾಳೆ. ಮಕ್ಕಳನ್ನು ತಿದ್ದುವುದು ತಂದೆಯ ಕೆಲಸ ಅಲ್ವಾ? ಬೈಬಲ್ಲೇ ಹೇಳುತ್ತದಲ್ಲ. — ಮೈಸೂರು

ಉತ್ತರ: ತಿದ್ದುವುದು ನಿಮ್ಮ ಕೆಲಸವೇ. ಆದರೆ ಬೈದ ಮಾತುಗಳನ್ನು ನೀವು ಪತ್ರದಲ್ಲಿ ಬರೆದಿಲ್ಲ, ಬರೆಯಲು ಮನಸ್ಸಾಗಲಿಲ್ಲ ಅಂತ ಕಾಣುತ್ತದೆ.

‘ಲೆಕ್ಕ ಮಾಡದೆ ಮೊಬೈಲ್ ಹಿಡಿದು ಕೂತೆ’ ಅಂದರೆ ಅದು ಅವನು ಮಾಡಿದ ಕೆಲಸದ ಬಗ್ಗೆ, ನಾಳೆ ಬದಲಾಯಿಸಿಕೊಳ್ಳಬಹುದು. ‘ದಂಡಪಿಂಡ’, ‘ನಿನ್ನಿಂದ ಏನೂ ಆಗಲ್ಲ’ ಅಂದರೆ ಅದು ಅವನ ಬಗ್ಗೆ. ಹದಿನಾರರ ಹುಡುಗ ಅದನ್ನು ಹೇಗೆ ಬದಲಾಯಿಸಿಕೊಳ್ಳುತ್ತಾನೆ? ಸಹೋದರನನ್ನು ಮೂರ್ಖ ಅನ್ನುವವನ ಬಗ್ಗೆ ಮತ್ತಾಯ 5ರಲ್ಲಿ ಸ್ವಾಮಿ ಎಷ್ಟು ಕಠಿಣವಾಗಿ ಮಾತಾಡಿದ್ದಾರೆ ನೋಡಿ. ಮಗನಿಗೆ ಅದು ಅನ್ವಯಿಸುವುದಿಲ್ಲ ಅಂತ ಎಲ್ಲೂ ಇಲ್ಲ. ಕೊಲೊಸ್ಸೆ 3:21ರಲ್ಲಿ ಪೌಲ ತಂದೆಗಳಿಗೇ ಹೇಳಿದ್ದಾನೆ, ಮಕ್ಕಳನ್ನು ಕೆಣಕಬೇಡಿ, ಅವರು ಮನಗುಂದಿ ಹೋಗುತ್ತಾರೆ ಎಂದು.

ಪೇತ್ರ ತನ್ನನ್ನು ಅರಿಯೆನು ಎನ್ನುತ್ತಾನೆ ಎಂದು ಯೇಸುವಿಗೆ ಮುಂಚೆಯೇ ಗೊತ್ತಿತ್ತು. ಆಗಲೂ, ನಿನ್ನ ನಂಬಿಕೆ ಕುಂದಿಹೋಗಬಾರದೆಂದು ನಿನಗೋಸ್ಕರ ಬೇಡಿಕೊಂಡಿದ್ದೇನೆ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ಬಲಪಡಿಸು ಅಂದರು. ಸೋಲುವ ಮುಂಚೆಯೇ ಸೋಲಿನ ನಂತರದ ಕೆಲಸ ಕೊಟ್ಟಿದ್ದರು.

ಇವತ್ತು ರಾತ್ರಿ ಊಟವಾದ ಮೇಲೆ ಮಗನ ಕೋಣೆಗೆ ಹೋಗಿ. ‘ಆ ಮಾತು ಆಡಬಾರದಿತ್ತು, ಕ್ಷಮಿಸು’ ಅನ್ನಿ. ‘ಆದರೆ ನೀನೂ ಓದಲಿಲ್ಲವಲ್ಲ’ ಎಂದು ಬಾಲ ಸೇರಿಸಬೇಡಿ. ಲೆಕ್ಕದ ಮಾತು ಬೆಳಗ್ಗೆ ಆಡಿ. ಬಿದ್ದ ವಿಷಯವನ್ನು ಮತ್ತೆ ಬರೆಯಬಹುದು. ಅವನು ಮಂಕಾಗಿ, ಊಟ ಬಿಟ್ಟು, ಒಬ್ಬನೇ ಇರುತ್ತಿದ್ದರೆ, ‘ನಾನಿದ್ದು ಏನು ಪ್ರಯೋಜನ’ ಅನ್ನುವಂಥ ಮಾತು ಆಡಿದರೆ, ಗಣಿತವನ್ನು ಪಕ್ಕಕ್ಕಿಡಿ. ಅವನನ್ನು ಒಂಟಿಯಾಗಿ ಬಿಡಬೇಡಿ, ಡಾಕ್ಟರಿಗೆ ತೋರಿಸಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿಮಾನಸ್‌ನವರು ಉಚಿತವಾಗಿ ಸಲಹೆ ಕೊಡುತ್ತಾರೆ.

ಪ್ರಶ್ನೆ: ನಮ್ಮ ಸಭೆಯ ಕಟ್ಟಡ ನಿಧಿಯ ಲೆಕ್ಕ ಸರಿಯಾಗಿ ಕೊಟ್ಟಿಲ್ಲ. ವಾರ್ಷಿಕ ಸಭೆಯಲ್ಲಿ ಕೇಳಬೇಕೆಂದಿದ್ದೇನೆ. ಹಿರಿಯರು ‘ದೇವರ ಅಭಿಷಿಕ್ತರ ಮೇಲೆ ಬಾಯಿ ಮಾಡಬೇಡ, ಶಾಪ ತಟ್ಟುತ್ತದೆ’ ಎನ್ನುತ್ತಾರೆ. ಸುಮ್ಮನಿರುವುದೇ ಜಾಣತನವಾ? — ಯುವಕ, ತುಮಕೂರು

ಉತ್ತರ: ತಮ್ಮಾ, ಅವರು ಹೇಳುತ್ತಿರುವುದು ಕೀರ್ತನೆ 105ರ ಮಾತು. ಅಲ್ಲಿ ಅಬ್ರಹಾಮ, ಇಸಾಕ, ಯಾಕೋಬರು ಪರದೇಶಿಗಳಾಗಿ ಅಲೆಯುತ್ತಿದ್ದಾಗ ಅರಸರು ಅವರಿಗೆ ಕೇಡು ಮಾಡದಂತೆ ದೇವರು ತಡೆದ ಕಥೆ ಇದೆ. ಕಟ್ಟಡ ನಿಧಿಯ ರಸೀದಿಗೂ ಅದಕ್ಕೂ ಸಂಬಂಧವಿಲ್ಲ. ಅಭಿಷಿಕ್ತನ ಮೇಲೆ ಕೈ ಮಾಡುವುದಿಲ್ಲ ಎಂದು ದಾವೀದ ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಸೌಲನ ಬಗ್ಗೆ ಹೇಳಿದ್ದು ನಿಜ. ಆದರೆ ಅದೇ ದಾವೀದ ಏಂಗೆದಿಯ ಗವಿಯಿಂದ ಹೊರಗೆ ಬಂದು, ಸೌಲನ ಬಟ್ಟೆಯ ತುಂಡನ್ನು ಕೈಯಲ್ಲಿ ಹಿಡಿದು, ನನ್ನನ್ನು ಯಾಕೆ ಬೆನ್ನಟ್ಟುತ್ತೀ ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿ ಕೇಳಿದ. ಕೈ ಎತ್ತಲಿಲ್ಲ, ಮಾತು ನುಂಗಲೂ ಇಲ್ಲ. ಅವನೇ ಅರಸನಾಗಿ ತಪ್ಪು ಮಾಡಿದಾಗ ಪ್ರವಾದಿ ನಾತಾನ ಬಂದು, ಆ ಮನುಷ್ಯ ನೀನೇ ಎಂದು ಮುಖದ ಮೇಲೆ ಹೇಳಿದ.

ಹಣದ ವಿಷಯದಲ್ಲಂತೂ ಪೌಲ ತಾನೇ ಮುಂದೆ ಬಂದು ಲೆಕ್ಕಕ್ಕೆ ದಾರಿ ಮಾಡಿದ್ದ. ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣವನ್ನು ತಾನೊಬ್ಬನೇ ಒಯ್ಯಲಿಲ್ಲ, ಸಭೆಗಳು ಆರಿಸಿದವರನ್ನು ಜೊತೆಗೆ ಇಟ್ಟುಕೊಂಡ. ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಎದುರು ಮಾತ್ರವಲ್ಲ ಮನುಷ್ಯರ ಎದುರೂ ಸರಿಯಾಗಿರಬೇಕು ಎಂದು ಬರೆದ. 2 ಕೊರಿಂಥ 8ನೇ ಅಧ್ಯಾಯ. ಅದನ್ನು ಹಿರಿಯರಿಗೆ ಓದಿ ತೋರಿಸು.

ಆದರೆ ಹೊತ್ತು ನೋಡಿ ಮಾತಾಡು. ಇದನ್ನು ಅಬೀಗೈಲಳಿಂದ ಕಲಿ. ಅವಳ ಗಂಡ ಅವಮಾನ ಮಾಡಿದನೆಂದು ದಾವೀದ 400 ಜನರ ಜೊತೆ ಕತ್ತಿ ಕಟ್ಟಿಕೊಂಡು ಬರುತ್ತಿದ್ದಾಗ ಅವಳು ಒಂದು ಗಳಿಗೆಯೂ ತಡಮಾಡಲಿಲ್ಲ. ರೊಟ್ಟಿ, ದ್ರಾಕ್ಷಿ, ಅಂಜೂರ ಹೇರಿಕೊಂಡು ದಾರಿಯಲ್ಲೇ ಎದುರಾಗಿ ಮಾತಾಡಿದಳು. ಮನೆಗೆ ಬಂದಾಗ ಗಂಡ ನಾಬಾಲ ಕುಡಿದು ಮತ್ತನಾಗಿದ್ದ. ಅವನಿಗೆ ಬೆಳಗಿನ ತನಕ ಒಂದು ಮಾತೂ ಹೇಳಲಿಲ್ಲ, ಅಮಲು ಇಳಿದ ಮೇಲೆ ಎಲ್ಲ ಹೇಳಿದಳು. ಒಂದೇ ದಿನದಲ್ಲಿ ಒಬ್ಬನ ಹತ್ತಿರ ಓಡಿದಳು, ಇನ್ನೊಬ್ಬನಿಗಾಗಿ ಕಾದಳು.

ವಾರ್ಷಿಕ ಸಭೆಯ ಗಲಾಟೆಯಲ್ಲಿ ಎದ್ದು ನಿಲ್ಲುವುದು ಕೊನೆಯ ಹೆಜ್ಜೆಯಾಗಲಿ. ಮೊದಲು ಖಜಾಂಚಿಯ ಮನೆಗೆ ಒಬ್ಬನೇ ಹೋಗಿ ಕೇಳು. ಅವರ ಮಾತನ್ನು ಪೂರ್ತಿ ಕೇಳಿಸಿಕೋ, ಲೆಕ್ಕ ಬರೆಯಲು ಬಾರದೆ ಒದ್ದಾಡುತ್ತಿರುವ ಪ್ರಾಮಾಣಿಕರೂ ಇರುತ್ತಾರೆ. ಉತ್ತರ ಸಿಗದಿದ್ದರೆ ಎಲ್ಲರೂ ಗೌರವಿಸುವ ಇಬ್ಬರನ್ನು ಕರೆದುಕೊಂಡು ಮತ್ತೆ ಹೋಗು. ಆಗಲೂ ಇಲ್ಲದಿದ್ದರೆ ಕಾರ್ಯದರ್ಶಿಗೆ ಸಭೆಗೆ ಮುಂಚೆಯೇ ಪತ್ರ ಕೊಡು. ಅದರಲ್ಲಿ ‘ಕಳ್ಳ’, ‘ನುಂಗಿದರು’ ಎಂಬ ಮಾತು ಬೇಡ. ಯಾವ ತಿಂಗಳಿಂದ ಯಾವ ತಿಂಗಳಿನವರೆಗೆ, ಎಷ್ಟು ಬಂತು, ಎಷ್ಟು ಖರ್ಚಾಯಿತು, ಬ್ಯಾಂಕ್ ಪಾಸ್‌ಬುಕ್ ಮತ್ತು ರಸೀದಿಗಳನ್ನು ಎಲ್ಲರಿಗೂ ತೋರಿಸಿ ಎಂದಷ್ಟೇ ಬರೆ. ಪತ್ರ ತಲುಪಿದ್ದಕ್ಕೆ ಸಹಿ ಹಾಕಿಸಿಕೋ. ಫೇಸ್‌ಬುಕ್ಕಿಗೆ ಹಾಕಬೇಡ. ಸಭೆಯಲ್ಲಿ ನಿನ್ನ ಸರದಿ ಬಂದಾಗ ಎದ್ದು ನಿಂತು ಆ ಪತ್ರವನ್ನೇ ನಿಧಾನವಾಗಿ ಓದು, ಓದಿ ಕೂತುಕೋ. ಉತ್ತರ ಕೊಡುವ ಸರದಿ ಅವರದು.